ಬೋರ್ಡಿನ ಮೇಲೆ ಸರಿಯಿದ್ದ ಬೀಗ: ಒಂದು ಸಹಪಾಠಿ ಬೋಧನೆಯ ಅನುಭವ

ಮೂರನೇ ಸೆಮಿಸ್ಟರಿನ ಸಹಪಾಠಿ ಬೋಧನೆಗೆ ನಾನು ಆರಿಸಿಕೊಂಡ ವಿಷಯ, ಆಪರೇಟಿಂಗ್ ಸಿಸ್ಟಂ ಘಟಕದಲ್ಲಿ ಬರುವ ‘ಬೀಗ’. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ಓದಿದವಳು ನಾನು. ನಮ್ಮ ತಂಡದ ಹನ್ನೊಂದು ಮಂದಿಯಲ್ಲಿ ಕಂಪ್ಯೂಟರ್ ಓದಿದವರು ನಾಲ್ವರು ಮಾತ್ರ. ಉಳಿದ ಏಳು ಮಂದಿಗೂ ತಿಳಿಯಬೇಕು ಎಂದು ಒಂದು ವಾರ ಕೂತು ಪಾಠ ಯೋಜನೆ ಬರೆದಿದ್ದೆ. ಪಾಠ ಚೆನ್ನಾಗಿಯೇ ಹೋಯಿತು. ವೀಕ್ಷಣಾ ಹಾಳೆಯಲ್ಲಿ ನಮ್ಮ ಮಾರ್ಗದರ್ಶಕ ಮೇಡಂ ‘ತಾರ್ಕಿಕ ನಿರೂಪಣೆ ಉತ್ತಮ’ ಎಂದು ಬರೆದರು. ಇಬ್ಬರು ಸಹಪಾಠಿಗಳು ಬೋರ್ಡಿನ ಫೋಟೋ ತೆಗೆದುಕೊಂಡರು.

ಎರಡು ದಿನ ಕಳೆದ ಮೇಲೆ ಹಾಸ್ಟೆಲಿನ ಗೆಳತಿಯೊಬ್ಬಳು ಊಟದ ಹೊತ್ತಿನಲ್ಲಿ ಕೇಳಿದಳು: “ಚೆನ್ನಾಗಿತ್ತು ಕಣೇ ಪಾಠ. ಅದನ್ನ ನೀನು ಓಡಿಸಿ ನೋಡಿದ್ದೀಯಾ?”

ನೋಡಿರಲಿಲ್ಲ. ಬಿಎಸ್ಸಿಯಲ್ಲೂ ನೋಡಿರಲಿಲ್ಲ. ಅದಕ್ಕೆ ಸಾಧನೆ ಇತ್ತು, ಪರೀಕ್ಷೆಗೆ ಬರುತ್ತಿತ್ತು, ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಸಾಧಿಸಿದ್ದನ್ನು ಓಡಿಸಿ ನೋಡುವುದೇಕೆ? ಆದರೂ ಮರುದಿನ ಕಾಲೇಜಿನ ಲ್ಯಾಬಿನಲ್ಲಿ ಕೂತು ಸಿ ಭಾಷೆಯಲ್ಲಿ ಬರೆದು ಓಡಿಸಿದೆ. ಬೋರ್ಡಿನ ಮೇಲೆ ಸರಿಯಿದ್ದ ಬೀಗ ಕಂಪ್ಯೂಟರಿನಲ್ಲಿ ತಪ್ಪಿತು. ಅದು ಏಕೆ ತಪ್ಪಿತು, ಅದನ್ನು ಮತ್ತೆ ಹೇಗೆ ಪಾಠ ಮಾಡಿದೆ ಎನ್ನುವುದು ಈ ಲೇಖನದ ವಿಷಯ.

ಮೊದಲ ಪಾಠದಲ್ಲಿ ಹೇಳಿದ್ದು

ಬೀಗ ಏಕೆ ಬೇಕು ಎನ್ನುವುದಕ್ಕೆ ನಾನು ಬಳಸಿದ ಉದಾಹರಣೆ ಬಿಸಿಯೂಟದ ಲೆಕ್ಕ. ಸ್ಟಾಫ್ ರೂಮಿನ ಬೋರ್ಡಿನಲ್ಲಿ ಅಂದಿನ ಊಟಕ್ಕೆ ಇರುವ ಮಕ್ಕಳ ಸಂಖ್ಯೆ 120 ಎಂದಿದೆ. ಎಂಟನೇ ತರಗತಿಯ ಶಿಕ್ಷಕಿ ತನ್ನ 40 ಮಕ್ಕಳನ್ನು ಸೇರಿಸಬೇಕು, ಒಂಬತ್ತನೇ ತರಗತಿಯ ಶಿಕ್ಷಕರು 35 ಮಕ್ಕಳನ್ನು ಸೇರಿಸಬೇಕು. ಇಬ್ಬರೂ ಒಂದೇ ಹೊತ್ತಿಗೆ 120 ಎಂದು ಓದಿಕೊಳ್ಳುತ್ತಾರೆ. ಆಕೆ ಮನಸ್ಸಿನಲ್ಲೇ ಕೂಡಿಸಿ 160 ಎಂದು ಬರೆದರೆ, ಆತ ತನ್ನ ಲೆಕ್ಕದಂತೆ ಅದನ್ನು ಅಳಿಸಿ 155 ಎಂದು ಬರೆಯುತ್ತಾನೆ. ಬರಬೇಕಾದದ್ದು 195. ನಲವತ್ತು ಮಕ್ಕಳಿಗೆ ಅನ್ನವಿಲ್ಲ. ಇಬ್ಬರಲ್ಲಿ ಯಾರೂ ಕೂಡುವುದರಲ್ಲಿ ತಪ್ಪಿಲ್ಲ. ಕಂಪ್ಯೂಟರಿನಲ್ಲಿ ಒಂದೇ ಕಾರ್ಯಕ್ರಮದ ಎರಡು ಎಳೆಗಳು, ಅಂದರೆ ಥ್ರೆಡ್‌ಗಳು, ಒಂದೇ ಚರವನ್ನು ಹೆಚ್ಚಿಸುವಾಗ ಆಗುವುದೂ ಇದೇ. ‘ಒಂದು ಕೂಡಿಸು’ ಎಂಬ ಒಂದು ಸಾಲಿನ ಆಜ್ಞೆ ಒಳಗೆ ಮೂರು ಕೆಲಸ: ಓದು, ಕೂಡಿಸು, ಬರೆ. ನಡುವೆ ಇನ್ನೊಬ್ಬರು ನುಗ್ಗಬಹುದು. ಆದ್ದರಿಂದ ಒಮ್ಮೆಗೆ ಒಬ್ಬರೇ ಒಳಗಿರಬೇಕು.

ಒಬ್ಬರೇ ಒಳಗಿರುವಂತೆ ಮಾಡಲು ನಾನು ಕಲಿಸಿದ್ದು ಪೀಟರ್‌ಸನ್ ಅವರ ವಿಧಾನ. ಗ್ಯಾರಿ ಪೀಟರ್‌ಸನ್ 1981ರಲ್ಲಿ ಪ್ರಕಟಿಸಿದ ಈ ವಿಧಾನ ಎರಡು ಎಳೆಗಳಿಗೆ ಸಾಕಾಗುತ್ತದೆ, ನೋಡಲು ಬಹಳ ಚೆಂದ. ಅ ಮತ್ತು ಬ ಎಂಬ ಎರಡು ಎಳೆಗಳು. ‘ನನಗೆ ಒಳಗೆ ಹೋಗಬೇಕು’ ಎಂದು ಸಾರಲು ಇಬ್ಬರಿಗೂ ಒಂದೊಂದು ಬಾವುಟ, ಇಬ್ಬರಿಗೂ ಸೇರಿ ಒಂದು ‘ಸರದಿ’. ಬೋರ್ಡಿನಲ್ಲಿ ಅ ಮಾಡಬೇಕಾದದ್ದನ್ನು ಹೀಗೆ ಬರೆದಿದ್ದೆ:

ಅ_ಬಾವುಟ = 1
ಸರದಿ = ಬ
ಬ_ಬಾವುಟ 1 ಆಗಿದ್ದು, ಸರದಿಯೂ ಬ ಆಗಿರುವ ತನಕ ಕಾಯಿ
ಒಳಗಿನ ಕೆಲಸ ಮಾಡು
ಅ_ಬಾವುಟ = 0

ಬ ಮಾಡುವುದೂ ಇದನ್ನೇ, ಅ ಮತ್ತು ಬ ಅದಲುಬದಲು. ‘ನನಗೂ ಬೇಕು, ಆದರೆ ನೀವು ಮೊದಲು ಹೋಗಿ’ ಎಂದು ಬಸ್ಸಿನ ಬಾಗಿಲಲ್ಲಿ ನಾವು ಹೇಳುವ ಮಾತೇ ಇದು ಎಂದಾಗ ಎಲ್ಲರೂ ತಲೆಯಾಡಿಸಿದರು.

ಸಾಧನೆಯನ್ನೂ ಮಾಡಿದೆ. ಇಬ್ಬರೂ ಒಳಗಿದ್ದಾರೆ ಎಂದುಕೊಳ್ಳೋಣ. ಸರದಿಗೆ ಕೊನೆಯಲ್ಲಿ ಬರೆದವರು ಯಾರೋ ಒಬ್ಬರು, ಅ ಎನ್ನೋಣ. ಹಾಗಾದರೆ ಸರದಿಯಲ್ಲಿ ‘ಬ’ ಎಂದಿದೆ. ಬ ತನ್ನ ಬಾವುಟವನ್ನು ಸರದಿಗಿಂತ ಮೊದಲೇ ಏರಿಸಿದ್ದಾನೆ. ಅವನು ಸರದಿಗೆ ಬರೆದದ್ದು ಅ ಬರೆಯುವ ಮೊದಲೇ. ಆದ್ದರಿಂದ ಅ ನೋಡುವ ಹೊತ್ತಿಗೆ ಬ_ಬಾವುಟ 1, ಸರದಿ ಬ. ಅ ಕಾಯಲೇಬೇಕು. ಕಾಯುತ್ತಿರುವವನು ಒಳಗಿರಲಾರ. ವಿರೋಧಾಭಾಸ ಬಂತು, ಸಾಧನೆ ಮುಗಿಯಿತು. ಗಣಿತದ ಸಹಪಾಠಿಗಳಿಗೆ ಇದೇ ಭಾಗ ಇಷ್ಟವಾಯಿತು.

ಈ ಸಾಧನೆಯಲ್ಲಿ ‘ಮೊದಲೇ’ ಎಂಬ ಮಾತು ಎರಡು ಸಲ ಬಂದಿದೆ. ಯಾರ ಲೆಕ್ಕದಲ್ಲಿ ಮೊದಲು ಎಂದು ನಾನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಲ್ಯಾಬಿನಲ್ಲಿ ಕಂಡದ್ದು

ಪ್ರಯೋಗ ಸರಳ. ಎರಡು ಎಳೆಗಳು, ಒಂದೊಂದೂ ಹತ್ತು ಲಕ್ಷ ಸಲ ಬೀಗ ಹಾಕಿ, ಲೆಕ್ಕಕ್ಕೆ ಒಂದು ಕೂಡಿಸಿ, ಬೀಗ ತೆಗೆಯಬೇಕು. ಕೊನೆಗೆ ಇಪ್ಪತ್ತು ಲಕ್ಷ ಬರಬೇಕು.

ಮೊದಲ ಸಲ, ಕಂಪೈಲರಿಗೆ ವೇಗ ಹೆಚ್ಚಿಸುವ ಆಯ್ಕೆ ಕೊಟ್ಟು ಓಡಿಸಿದಾಗ, ಕಾರ್ಯಕ್ರಮ ಮುಗಿಯಲೇ ಇಲ್ಲ. ಕಾಯುವ ಸಾಲಿನಲ್ಲಿ ನಿಂತುಬಿಟ್ಟಿತ್ತು. ಕಾರಣ ಆಮೇಲೆ ತಿಳಿಯಿತು: ಕಾಯುವ ಸುತ್ತಿನೊಳಗೆ ಬ_ಬಾವುಟವನ್ನು ಬದಲಿಸುವ ಆಜ್ಞೆ ಯಾವುದೂ ಕಾಣದಿದ್ದರಿಂದ, ‘ಇದು ಬದಲಾಗುವುದಿಲ್ಲ, ಒಂದೇ ಸಲ ಓದಿದರೆ ಸಾಕು’ ಎಂದು ಕಂಪೈಲರ್ ನಿರ್ಧರಿಸಿತ್ತು. ಇನ್ನೊಂದು ಎಳೆ ಹೊರಗಿನಿಂದ ಬದಲಿಸಬಹುದು ಎಂದು ನಾನು ಅದಕ್ಕೆ ಹೇಳಿರಲೇ ಇಲ್ಲ. ಎಲ್ಲ ಚರಗಳ ಹಿಂದೆ ‘ವೋಲಟೈಲ್’ ಎಂಬ ಪದ ಸೇರಿಸಿದೆ. ಪ್ರತಿ ಸಲವೂ ನಿಜವಾಗಿ ಓದು, ನಿಜವಾಗಿ ಬರೆ, ಬರೆದ ಕ್ರಮದಲ್ಲೇ ಮಾಡು ಎಂದು ಕಂಪೈಲರಿಗೆ ಹೇಳುವ ಪದ ಅದು.

ಈಗ ಕಾರ್ಯಕ್ರಮ ಮುಗಿಯಿತು. ಇಪ್ಪತ್ತು ಲಕ್ಷಕ್ಕೆ ಒಂಬತ್ತು ಕಡಿಮೆ ಬಂತು. ಮತ್ತೆ ಓಡಿಸಿದೆ, ನಾಲ್ಕು ಕಡಿಮೆ. ಇನ್ನೊಮ್ಮೆ ಸರಿಯಾಗಿ ಬಂತು. ಆಮೇಲೆ ಮತ್ತೆ ಕಡಿಮೆ. ಬೀಗವೇ ಇಲ್ಲದೆ ಓಡಿಸಿದರೆ ಲಕ್ಷಗಟ್ಟಲೆ ಕಡಿಮೆ ಬರುತ್ತಿತ್ತು, ಆದ್ದರಿಂದ ಬೀಗ ಬಹುಪಾಲು ಕೆಲಸ ಮಾಡುತ್ತಿದೆ ಎನ್ನುವುದೂ ಖಚಿತ. ಬಹುಪಾಲು ಕೆಲಸ ಮಾಡುವ ಬೀಗ ಎಂದರೆ ಏನು ಹೇಳುವುದು! ನನ್ನ ಕೋಡಿನಲ್ಲೇ ತಪ್ಪಿರಬೇಕೆಂದು ಒಂದು ಸಂಜೆ ಪೂರ್ತಿ ಹುಡುಕಿದೆ. ಕೊನೆಗೆ ಎರಡೂ ಎಳೆಗಳನ್ನು ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ಓಡುವಂತೆ ಕಟ್ಟಿಹಾಕಿ ನೋಡಿದೆ. ನಿಧಾನವಾಯಿತು, ಆದರೆ ಎಷ್ಟು ಸಲ ಓಡಿಸಿದರೂ ಇಪ್ಪತ್ತು ಲಕ್ಷ ಸರಿಯಾಗಿ ಬಂತು. ಎರಡು ಕೋರ್‌ಗಳಿಗೆ ಬಿಟ್ಟ ಕೂಡಲೇ ಮತ್ತೆ ತಪ್ಪು. ದೋಷ ಅಲ್ಗಾರಿದಮ್ಮಿನ ಹೆಜ್ಜೆಗಳಲ್ಲಿಲ್ಲ, ಎರಡು ಕೋರ್‌ಗಳ ನಡುವೆ ಎಲ್ಲೋ ಇದೆ ಎಂದು ಅಲ್ಲಿಗೆ ಗೊತ್ತಾಯಿತು.

ಇದನ್ನು ಮೇಡಂಗೆ ಹೇಳಲು ಎರಡು ದಿನ ಹಿಂದೆಮುಂದೆ ನೋಡಿದೆ ಎನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಕ ಆಗಲೇ ಬಂದಿತ್ತು. ಅಷ್ಟರಲ್ಲಿ ಫೋಟೋ ತೆಗೆದುಕೊಂಡವರಲ್ಲಿ ಒಬ್ಬರು ಡಿಪ್ಲೊಮಾ ಓದುವ ತಮ್ಮ ತಂಗಿಗೆ ಅದನ್ನೇ ಹೇಳಿಕೊಟ್ಟಿದ್ದಾರೆ, ಅವಳು ಪ್ರಾಜೆಕ್ಟಿನಲ್ಲಿ ಬಳಸಲು ಹೊರಟಿದ್ದಾಳೆ ಎಂದು ತಿಳಿಯಿತು. ಹೋಗಿ ಹೇಳಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಯಾವ ಹೆಜ್ಜೆ ಸುಳ್ಳು?” ನಾನು ಹೆಜ್ಜೆಗಳೆಲ್ಲ ಸರಿ ಎಂದೆ. “ಹಾಗಾದ್ರೆ ಹೇಳದೇ ಬಿಟ್ಟದ್ದು ಏನೋ ಇದೆ. ಅದನ್ನು ಹುಡುಕಿಕೊಂಡು ಬನ್ನಿ, ಇನ್ನೊಂದು ಪೀರಿಯಡ್ ಕೊಡ್ತೀನಿ” ಎಂದರು.

ಹೇಳದೇ ಬಿಟ್ಟದ್ದು

ಡೈಕ್‌ಸ್ಟ್ರಾ 1965ರಲ್ಲಿ ಹಲವು ಕಂಪ್ಯೂಟರುಗಳ ನಡುವೆ ಇಂಥ ಬೀಗದ ಸಮಸ್ಯೆಗೆ ಪರಿಹಾರ ಪ್ರಕಟಿಸಿದಾಗ, ಮೊದಲೇ ಒಂದು ಷರತ್ತನ್ನು ಸ್ಪಷ್ಟವಾಗಿ ಇಟ್ಟಿದ್ದರು. ಎಲ್ಲರಿಗೂ ಸೇರಿದ ಒಂದು ಸ್ಮೃತಿಕೋಶವಿದೆ. ಅದರಿಂದ ಓದುವುದು, ಅದಕ್ಕೆ ಬರೆಯುವುದು ಒಂದೊಂದೂ ಒಡೆಯಲಾಗದ ಕೆಲಸ. ಇಬ್ಬರು ಒಂದೇ ಜಾಗಕ್ಕೆ ಒಟ್ಟಿಗೆ ಬಂದರೆ ಅವು ಒಂದರ ಹಿಂದೆ ಒಂದು ನಡೆಯುತ್ತವೆ. 1979ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದನ್ನು ಇಡೀ ಯಂತ್ರಕ್ಕೆ ಅನ್ವಯಿಸಿ ಒಂದು ಹೆಸರು ಕೊಟ್ಟರು: ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ, ನಾವು ‘ಏಕಸಾಲು’ ಎನ್ನಬಹುದು. ಎಲ್ಲ ಎಳೆಗಳ ಎಲ್ಲ ಓದು ಬರಹಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಹುದಾಗಿರಬೇಕು, ಆ ಸಾಲಿನಲ್ಲಿ ಪ್ರತಿ ಎಳೆಯ ಕೆಲಸಗಳು ಅದರ ಕಾರ್ಯಕ್ರಮದಲ್ಲಿರುವ ಕ್ರಮದಲ್ಲೇ ಇರಬೇಕು. ಪೀಟರ್‌ಸನ್ ವಿಧಾನ ಸರಿಯಾಗಿರುವುದು ಇಂಥ ಯಂತ್ರದಲ್ಲಿ. ನನ್ನ ನೋಟ್ಸಿನಲ್ಲಿ ವಿಧಾನ ಉಳಿದಿತ್ತು, ಷರತ್ತು ಬಿಟ್ಟುಹೋಗಿತ್ತು. ಯೂಕ್ಲಿಡ್‌ನ ಸಮಾಂತರ ರೇಖೆಗಳ ಆಧಾರಪ್ರತಿಜ್ಞೆಯನ್ನು ಬಿಟ್ಟು ತ್ರಿಭುಜದ ಕೋನಗಳ ಮೊತ್ತವನ್ನು ಸಾಧಿಸಿದಂತೆ.

ನಮ್ಮ ಮೇಜಿನ ಮೇಲಿನ ಯಂತ್ರ ಏಕಸಾಲಿನದ್ದಲ್ಲ. ಕಾರಣ ವೇಗ. ಪ್ರೊಸೆಸರ್ ತನ್ನೊಳಗಿನ ರಿಜಿಸ್ಟರಿನಲ್ಲಿ ಕೆಲಸ ಮಾಡುವ ವೇಗಕ್ಕೆ ಹೋಲಿಸಿದರೆ ಮುಖ್ಯ ಮೆಮೊರಿ ನೂರಾರು ಪಟ್ಟು ನಿಧಾನ. ಒಂದು ಬೆಲೆ ಬರೆದು, ಅದು ಎಲ್ಲರಿಗೂ ಕಾಣುವ ತನಕ ಕೈಕಟ್ಟಿ ನಿಂತರೆ ಆಗುವುದಿಲ್ಲ. ಅದಕ್ಕೇ ಪ್ರತಿ ಕೋರ್‌ಗೂ ಒಂದು ಚಿಕ್ಕ ತಾತ್ಕಾಲಿಕ ಜಾಗವಿದೆ, ಸ್ಟೋರ್ ಬಫರ್. ಬರೆದದ್ದು ಮೊದಲು ಅಲ್ಲಿ ಕೂರುತ್ತದೆ, ಕೋರ್ ಮುಂದಿನ ಕೆಲಸಕ್ಕೆ ಹೋಗುತ್ತದೆ. ಬಫರಿನಲ್ಲಿರುವುದು ತನ್ನ ಹೊತ್ತಿಗೆ ಹೊರಗೆ ಹೋಗುತ್ತದೆ.

ಚೀಟಿ, ತಟ್ಟೆ, ಜವಾನ

ಎರಡನೇ ಪೀರಿಯಡ್ಡಿನಲ್ಲಿ ಬಾಯಲ್ಲಿ ಹೇಳುವುದಕ್ಕಿಂತ ಆಡಿ ತೋರಿಸುವುದೇ ಸರಿ ಎನಿಸಿತು. ಕಪ್ಪುಹಲಗೆಯೇ ಮೆಮೊರಿ. ಅದರ ಮೇಲೆ ಎರಡು ಬಾವುಟ, ಸರದಿ, ಲೆಕ್ಕ ಬರೆದೆ. ತರಗತಿಯ ಹಿಂದೆ ಎರಡು ಮೂಲೆಗಳಲ್ಲಿ ಅ ಮತ್ತು ಬ ಆಗಿ ಇಬ್ಬರು. ಒಬ್ಬೊಬ್ಬರ ಮುಂದೆಯೂ ಒಂದು ಸ್ಟೀಲ್ ತಟ್ಟೆ, ಪಕ್ಕದಲ್ಲಿ ಜವಾನನ ಪಾತ್ರದಲ್ಲಿ ಒಬ್ಬರು. ಮುಂದೆ ಒಂದು ಖಾಲಿ ಕುರ್ಚಿ. ಒಳಗೆ ಹೋಗುವುದೆಂದರೆ ಅದರಲ್ಲಿ ಕೂರುವುದು.

ನಿಯಮ ಮೂರು. ಬರೆಯಬೇಕೆಂದರೆ ಚೀಟಿಯಲ್ಲಿ ಬರೆದು ತಟ್ಟೆಗೆ ಹಾಕಿ, ಕಾಯದೆ ಮುಂದಿನ ಹೆಜ್ಜೆಗೆ ಹೋಗಬೇಕು. ಓದಬೇಕೆಂದರೆ ಮೊದಲು ತನ್ನ ತಟ್ಟೆ ನೋಡಬೇಕು, ಅಲ್ಲಿ ಆ ಹೆಸರಿನ ಚೀಟಿ ಇಲ್ಲದಿದ್ದರೆ ಬೋರ್ಡು ನೋಡಬೇಕು. ಜವಾನ ತನಗೆ ಬಿಡುವಾದಾಗ ಚೀಟಿಗಳನ್ನು ಹಾಕಿದ ಕ್ರಮದಲ್ಲೇ ಒಂದೊಂದಾಗಿ ಒಯ್ದು ಬೋರ್ಡಿನಲ್ಲಿ ಬರೆಯಬೇಕು. ಲ್ಯಾಬಿನಲ್ಲಿರುವ ಇಂಟೆಲ್ ಮಾದರಿಯ ಪ್ರೊಸೆಸರುಗಳ ನಡವಳಿಕೆ ಸ್ಥೂಲವಾಗಿ ಇಷ್ಟೇ.

ಆಟ ಶುರು. ಅ ಚೀಟಿ ಬರೆದಳು: ಅ_ಬಾವುಟ 1. ತಟ್ಟೆಗೆ. ಇನ್ನೊಂದು: ಸರದಿ ಬ. ತಟ್ಟೆಗೆ. ಅದೇ ಹೊತ್ತಿಗೆ ಬ ಕೂಡ ತನ್ನ ಎರಡು ಚೀಟಿ ಹಾಕಿದ. ಜವಾನರು ಇನ್ನೂ ಎದ್ದಿಲ್ಲ. ಅ ಓದುತ್ತಾಳೆ: ಬ_ಬಾವುಟ ತನ್ನ ತಟ್ಟೆಯಲ್ಲಿಲ್ಲ, ಬೋರ್ಡಿನಲ್ಲಿ 0. ಕಾಯಬೇಕಿಲ್ಲ, ಕುರ್ಚಿಗೆ ನಡೆದಳು. ಬ ಓದುತ್ತಾನೆ: ಬೋರ್ಡಿನಲ್ಲಿ ಅ_ಬಾವುಟ 0. ಅವನೂ ನಡೆದ. ಇಬ್ಬರೂ ಕುರ್ಚಿಯ ಬಳಿ ಎದುರುಬದುರು ನಿಂತಾಗ ತರಗತಿ ನಕ್ಕಿತು. ಆಮೇಲೆ ಜವಾನರು ನಿಧಾನವಾಗಿ ಬಂದು ನಾಲ್ಕೂ ಚೀಟಿಗಳನ್ನು ಬರೆದರು. ಎರಡು ಬಾವುಟವೂ 1, ಸರದಿಯಲ್ಲಿ ಒಂದು ಹೆಸರು. ಆಗ ಒಳಗೆ ಬಂದು ಬೋರ್ಡು ನೋಡಿದವರಿಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. “ಅ ತನ್ನ ಹೆಜ್ಜೆಗಳನ್ನು ಹಿಂದುಮುಂದು ಮಾಡಿದಳಾ?” ಎಂದು ಕೇಳಿದೆ. ಅ ಆಗಿದ್ದವಳು “ಇಲ್ವಲ್ಲ ಮಿಸ್, ಬರೆದೇ ಓದಿದ್ದು” ಎಂದಳು. ಸರಿ. ಬೋರ್ಡಿನ ಪಕ್ಕದಲ್ಲಿ ಕೂತವರನ್ನು ಕೇಳಿದೆ. “ಅವಳು ಮೊದಲು ಓದಿದಳು, ಬರೆದದ್ದು ಆಮೇಲೆ” ಎಂದರು. ಅದೂ ಸರಿ. ಮೆಮೊರಿ ಆರ್ಡರಿಂಗ್ ಎಂಬ ಹೆಸರಿನಲ್ಲಿ ಕರೆಯುವ ಸಮಸ್ಯೆ ಈ ಎರಡು ಉತ್ತರಗಳ ನಡುವೆ ಇದೆ. ತನ್ನ ಕಣ್ಣಿಗೆ ಇರುವ ಕ್ರಮ ಬೇರೆಯವರ ಕಣ್ಣಿಗೆ ಇರಬೇಕೆಂದಿಲ್ಲ. ನನ್ನ ಸಾಧನೆಯ ‘ಮೊದಲೇ’ ಎನ್ನುವ ಪದ ಮುರಿದುಬಿದ್ದದ್ದು ಇಲ್ಲಿಯೇ. ಒಂದೇ ಕೋರ್‌ನಲ್ಲಿ ತಪ್ಪು ಕಾಣದಿದ್ದ ಕಾರಣವನ್ನು ಭೌತಶಾಸ್ತ್ರದ ಸಹಪಾಠಿಯೊಬ್ಬರು ತಾವಾಗಿಯೇ ಹೇಳಿದರು: ಇಬ್ಬರಿಗೂ ಒಂದೇ ತಟ್ಟೆ, ಓದುವ ಮೊದಲು ತಟ್ಟೆ ನೋಡುತ್ತಾರೆ, ಆದ್ದರಿಂದ ಇನ್ನೊಬ್ಬರ ಚೀಟಿ ಕಾಣುತ್ತದೆ.

ವೋಲಟೈಲ್ ಏಕೆ ಸಾಲದು ಎನ್ನುವುದಕ್ಕೂ ಉತ್ತರ ಸಿಕ್ಕಿತು. ಅದು ಚೀಟಿ ಬರೆಯುವವರಿಗೆ ಕೊಟ್ಟ ಆಜ್ಞೆ. ಜವಾನನಿಗೆ ಅದು ತಲುಪುವುದೇ ಇಲ್ಲ. (ಜಾವಾ ಕಲಿತವರು ಗೊಂದಲಪಡಬಾರದು. ಅಲ್ಲಿ ಇದೇ ಪದಕ್ಕೆ 2004ರ ಜಾವಾ 5ರಿಂದ ಬಹಳ ಬಿಗಿಯಾದ ಅರ್ಥವಿದೆ. ಒಂದೇ ಪದ, ಎರಡು ಭಾಷೆ, ಎರಡು ಅರ್ಥ. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ನಾನೂ ಬೀಳುತ್ತಿದ್ದೆ.)

ಪರಿಹಾರ ಏನೆಂದು ತರಗತಿಯೇ ಹೇಳಿತು: ಎರಡು ಚೀಟಿ ಹಾಕಿದ ಮೇಲೆ, ಓದುವ ಮೊದಲು, ತಟ್ಟೆ ಖಾಲಿಯಾಗುವ ತನಕ ನಿಲ್ಲಬೇಕು. ಇದಕ್ಕೆ ಫೆನ್ಸ್, ಅಂದರೆ ಬೇಲಿ, ಎಂದು ಹೆಸರು. ಬೇಲಿಯೊಡನೆ ಆಟವನ್ನು ಮತ್ತೆ ಆಡಿಸಿದೆ. ಯಾವ ಜವಾನ ಎಷ್ಟೇ ಸೋಮಾರಿಯಾದರೂ ಇಬ್ಬರೂ ಒಟ್ಟಿಗೆ ಕುರ್ಚಿಗೆ ಬರಲಾಗಲಿಲ್ಲ. ಲ್ಯಾಬಿನಲ್ಲೂ ಆ ಒಂದು ಸಾಲು ಸೇರಿಸಿದ ಮೇಲೆ ಇಪ್ಪತ್ತು ಲಕ್ಷಕ್ಕೆ ಒಂದೂ ಕಡಿಮೆ ಬರಲಿಲ್ಲ. ಸಿ ಭಾಷೆಯ 2011ರ ಆವೃತ್ತಿಯಲ್ಲಿ ಚರಗಳನ್ನು ‘ಅಟಾಮಿಕ್’ ಎಂದು ಘೋಷಿಸಿ, ಬೇರೇನೂ ಹೇಳದೆ ಬಳಸಿದರೆ, ಅವುಗಳ ಮಟ್ಟಿಗೆ ಏಕಸಾಲಿನ ಕ್ರಮವೇ ಸಿಗುತ್ತದೆ. ಬೇಕಾದ ಬೇಲಿಯನ್ನು ಕಂಪೈಲರೇ ಹಾಕುತ್ತದೆ.

ಕೀಲಿಯ ಎರಡನೇ ಕೆಲಸ

ಇಲ್ಲಿಗೆ ಪಾಠ ನಿಲ್ಲಿಸಬಹುದಿತ್ತು. ಆದರೆ ನಿಜವಾದ ಬೀಗಗಳು ಪೀಟರ್‌ಸನ್ ವಿಧಾನದವಲ್ಲ. ಅವಕ್ಕೆ ಪ್ರೊಸೆಸರೇ ಒದಗಿಸುವ ಒಂದು ಒಡೆಯಲಾಗದ ಕೆಲಸ ಆಧಾರ: ‘ಇಲ್ಲಿ 1 ಬರೆ, ಮೊದಲು ಏನಿತ್ತು ಹೇಳು’. ಓದುವುದು, ಬರೆಯುವುದು ಎರಡೂ ಒಂದೇ ಉಸಿರಿನಲ್ಲಿ. ನಡುವೆ ಯಾರಿಗೂ ಜಾಗವಿಲ್ಲ. ಇಂಥದ್ದನ್ನೇ ಅಟಾಮಿಕ್ ಎನ್ನುವುದು. ಆಟದಲ್ಲಿ ಇದಕ್ಕೆ ಚೀಟಿ ನಡೆಯುವುದಿಲ್ಲ. ಸ್ವತಃ ಬೋರ್ಡಿಗೆ ನಡೆದು, ಒಂದು ಕೈಯಲ್ಲಿ ಡಸ್ಟರ್ ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಾಡಬೇಕು. ಬೀಗ ಎಂಬ ಚರದಲ್ಲಿ ಮೊದಲು 0 ಇದ್ದರೆ ಬೀಗ ನಿಮ್ಮದು. 1 ಇದ್ದರೆ ಇನ್ನೊಬ್ಬರು ಒಳಗಿದ್ದಾರೆ, ಮತ್ತೆ ಪ್ರಯತ್ನಿಸಿ. ಹೊರಬರುವಾಗ ಬೀಗ 0 ಎಂದು ಬರೆದರೆ ಆಯಿತು. ಎಷ್ಟು ಎಳೆಗಳಿದ್ದರೂ ಇದೇ ಸಾಕು.

ಹಾಗಾದರೆ ಕ್ರಮದ ತಲೆನೋವು ಮುಗಿಯಿತೇ? ಜವಾನನ ನಿಯಮವನ್ನು ಬದಲಿಸಿದೆ: ಚೀಟಿಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಒಯ್ಯಬಹುದು. ನಮ್ಮ ಕೈಯಲ್ಲಿರುವ ಮೊಬೈಲುಗಳ ಆರ್ಮ್ ಪ್ರೊಸೆಸರುಗಳಲ್ಲಿ ಇಷ್ಟು ಸ್ವಾತಂತ್ರ್ಯವಿದೆ. ಈಗ ಅ ಬೋರ್ಡಿಗೆ ಹೋಗಿ ಬೀಗ ಪಡೆದು ಬಂದಳು. ಲೆಕ್ಕ 120 ಎಂದು ಓದಿದಳು. ಚೀಟಿ: ಲೆಕ್ಕ 160. ಚೀಟಿ: ಬೀಗ 0. ಜವಾನ ಮೇಲಿದ್ದ ಬೀಗದ ಚೀಟಿಯನ್ನೇ ಮೊದಲು ಒಯ್ದ. ಬ ಬೋರ್ಡಿಗೆ ಹೋದ, ಬೀಗ ಸಿಕ್ಕಿತು. ಲೆಕ್ಕ ಓದಿದ: 120. ಚೀಟಿ: ಲೆಕ್ಕ 155. ನಲವತ್ತು ಮಕ್ಕಳು ಮತ್ತೆ ಉಪವಾಸ.

ತರಗತಿ ಮೌನವಾಯಿತು. ಎರಡು ಪಾಠಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಆ ಮೌನ. ಏಕೆಂದರೆ ಈ ಸಲ ಬೀಗ ತಪ್ಪಿರಲಿಲ್ಲ. ಒಮ್ಮೆಯೂ ಇಬ್ಬರು ಬೀಗವನ್ನು ಒಟ್ಟಿಗೆ ಹಿಡಿದಿರಲಿಲ್ಲ. ಆದರೂ ಲೆಕ್ಕ ತಪ್ಪಿತು. ಬೀಗಕ್ಕೆ ಎರಡು ಕೆಲಸ: ಒಬ್ಬರನ್ನೇ ಒಳಗೆ ಬಿಡುವುದು ಒಂದು; ಹಿಂದಿನವರು ಒಳಗೆ ಮಾಡಿದ್ದೆಲ್ಲ ಮುಂದಿನವರಿಗೆ ಕಾಣುವಂತೆ ಮಾಡುವುದು ಇನ್ನೊಂದು. ನಮ್ಮ ನೋಟ್ಸುಗಳೆಲ್ಲ ಮೊದಲನೆಯದನ್ನು ಮಾತ್ರ ಹೇಳುತ್ತವೆ.

ಎರಡನೇ ಕೆಲಸಕ್ಕೆ ಎರಡು ಗುರುತುಗಳಿವೆ. ಬೀಗ ತೆಗೆಯುವ ಚೀಟಿಗೆ ‘ರಿಲೀಸ್’ ಗುರುತು: ಇದಕ್ಕಿಂತ ಮೊದಲು ಹಾಕಿದ ಚೀಟಿಗಳೆಲ್ಲ ಬೋರ್ಡು ತಲುಪಿದ ಮೇಲೆಯೇ ಇದನ್ನು ಒಯ್ಯಬೇಕು. ಅಂಕಪಟ್ಟಿಯ ಬೀರುವಿನ ಕೀಲಿಯನ್ನು ಮೊಳೆಗೆ ತೂಗುಹಾಕುವ ಮೊದಲು ಬರೆಯುವುದನ್ನೆಲ್ಲ ಬರೆದು ಮುಗಿಸಿರಬೇಕು ಎಂದಂತೆ. ಬೀಗ ಪಡೆಯುವ ಕೆಲಸಕ್ಕೆ ‘ಅಕ್ವೈರ್’ ಗುರುತು: ಬೀಗ ಸಿಗುವ ಮೊದಲೇ ಒಳಗಿನದನ್ನು ಓದಿಟ್ಟುಕೊಳ್ಳಬಾರದು. ಇದು ಮೊದಲು ಅನವಶ್ಯಕ ಎನಿಸಿತು ಹಲವರಿಗೆ. ಯಾರು ಹಾಗೆ ಮುಂಚಿತವಾಗಿ ಓದುತ್ತಾರೆ? ಆಧುನಿಕ ಪ್ರೊಸೆಸರುಗಳು ಓದುತ್ತವೆ. ಮುಂದೆ ಬೇಕಾಗಬಹುದು ಎಂದು ಊಹಿಸಿ ಲೆಕ್ಕವನ್ನು ಮೊದಲೇ ತಂದಿಟ್ಟುಕೊಳ್ಳುತ್ತವೆ. ಬೀಗಕ್ಕಾಗಿ ಕಾಯುತ್ತ ನಿಂತಾಗಲೇ ಬ ಬೋರ್ಡಿನತ್ತ ಕಣ್ಣುಹಾಯಿಸಿ 120 ಎಂದು ಅಂಗೈಯಲ್ಲಿ ಬರೆದುಕೊಂಡ ಹಾಗೆ. ಆಮೇಲೆ ಬೀಗ ಸಿಕ್ಕರೂ ಅಂಗೈಯಲ್ಲಿರುವುದು ಹಳೆಯ ಲೆಕ್ಕ.

ಈ ಎರಡೂ ಗುರುತುಗಳು ಒಂದು ದಿಕ್ಕಿನ ಬಾಗಿಲುಗಳು. ಬೀಗದ ಹೊರಗಿನ ಕೆಲಸ ಒಳಗೆ ಜಾರಿ ಬಂದರೆ ಬರಲಿ, ತೊಂದರೆಯಿಲ್ಲ. ಒಳಗಿನ ಕೆಲಸ ಹೊರಗೆ ಜಾರಬಾರದು.

ಸಹಪಾಠಿಗಳು ಅತಿ ಹೆಚ್ಚು ತಡವರಿಸಿದ್ದು ಮುಂದಿನ ಪ್ರಶ್ನೆಯಲ್ಲಿ, ಮೊದಲು ಓದುವಾಗ ನಾನೂ ಅಲ್ಲೇ ತಡವರಿಸಿದ್ದೆ. ಅಕ್ವೈರ್, ರಿಲೀಸ್ ಎರಡೇ ಸಾಕು ಎನ್ನುವುದಾದರೆ ಪೀಟರ್‌ಸನ್ ವಿಧಾನಕ್ಕೂ ಅವನ್ನೇ ಹಾಕಬಹುದಲ್ಲ, ದೊಡ್ಡ ಬೇಲಿ ಏಕೆ? ಹಾಕಿ ನೋಡಿದ್ದೆ, ನಮ್ಮ ಲ್ಯಾಬಿನ ಇಂಟೆಲ್ ಯಂತ್ರದಲ್ಲಿ ಮತ್ತೆ ಲೆಕ್ಕ ತಪ್ಪಿತು. ಚೀಟಿಯ ಆಟದಲ್ಲಿ ಕಾರಣ ಸ್ಪಷ್ಟ. ರಿಲೀಸ್ ಹೇಳುವುದು: ಹಿಂದಿನವು ನನಗಿಂತ ಮೊದಲು ಹೋಗಲಿ. ಅಕ್ವೈರ್ ಹೇಳುವುದು: ಮುಂದಿನವು ನನಗಿಂತ ಆಮೇಲೆ ನಡೆಯಲಿ. ‘ನಾನು ಬರೆದದ್ದು ಬೋರ್ಡು ಸೇರುವ ತನಕ ಮುಂದಿನದನ್ನು ಓದಬೇಡ’ ಎಂದು ಎರಡರಲ್ಲಿ ಯಾವುದೂ ಹೇಳುವುದಿಲ್ಲ. ಪೀಟರ್‌ಸನ್ ವಿಧಾನದ ಪ್ರಾಣ ಇರುವುದೇ ಆ ಮಾತಿನಲ್ಲಿ: ನನ್ನದನ್ನು ಸಾರು, ಆಮೇಲೆ ಅವನದನ್ನು ನೋಡು. ಆದರೆ ಡಸ್ಟರ್ ಹಿಡಿದು ಮಾಡುವ ಬೀಗದಲ್ಲಿ ಸಾರುವುದು, ನೋಡುವುದು ಒಂದೇ ಜಾಗದಲ್ಲಿ ಒಂದೇ ಕೆಲಸವಾಗಿದೆ. ನಡುವೆ ಸಂದೇ ಇಲ್ಲದ ಕಡೆ ಬೇಲಿ ಎಲ್ಲಿ ಹಾಕುವುದು?

ಗುರುತುಗಳನ್ನು ಬಿಟ್ಟು, ಅಟಾಮಿಕ್ ಮಾತ್ರ ಉಳಿಸಿಕೊಂಡ ಬೀಗವನ್ನೂ ಓಡಿಸಿ ನೋಡಿದೆ. ಲ್ಯಾಬಿನಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ. ಅಲ್ಲಿ ಜವಾನ ಕ್ರಮ ಪಾಲಿಸುವವನು, ಆದ್ದರಿಂದ ರಿಲೀಸ್ ಪುಕ್ಕಟೆ ಸಿಗುತ್ತದೆ. ಅದೇ ಕೋಡನ್ನು ನನ್ನ ಮೊಬೈಲಿನಲ್ಲಿ ಓಡಿಸಿದಾಗ ಲೆಕ್ಕ ಆಗೊಮ್ಮೆ ಈಗೊಮ್ಮೆ ಕಡಿಮೆ ಬಂತು. ಎರಡು ಗುರುತು ಹಾಕಿದೆ, ಸರಿಯಾಯಿತು. ಲ್ಯಾಬಿನಲ್ಲಿ ಮಾತ್ರ ಪರೀಕ್ಷಿಸಿ ‘ಓಡಿಸಿ ನೋಡಿದ್ದೇನೆ’ ಎಂದು ಗೆಳತಿಗೆ ಉತ್ತರ ಕೊಟ್ಟಿದ್ದರೆ ಅದೂ ಅರೆ ಸತ್ಯವೇ ಆಗುತ್ತಿತ್ತು.

ಇದನ್ನು ಕಲಿಸಬಯಸುವವರಿಗೆ ಒಂದು ಎಚ್ಚರಿಕೆ. ನಿಜವಾದ ಕಾರ್ಯಕ್ರಮಕ್ಕೆ ಇಂಥ ಬೀಗವನ್ನು ಕೈಯಾರೆ ಬರೆಯಬೇಡಿ ಎಂದು ಮಕ್ಕಳಿಗೆ ಹೇಳಬೇಕು. ಸುಮ್ಮನೆ ಸುತ್ತುತ್ತ ಕಾಯುವ ಬೀಗ ಪ್ರೊಸೆಸರಿನ ಸಮಯ ತಿನ್ನುತ್ತದೆ. ಭಾಷೆಯ ಗ್ರಂಥಾಲಯದಲ್ಲಿ ಬರುವ ಮ್ಯೂಟೆಕ್ಸ್ ಬಳಸಿದರೆ ಕಾಯುವ ಎಳೆಯನ್ನು ಅದು ಮಲಗಿಸುತ್ತದೆ, ಕ್ರಮದ ಗುರುತುಗಳೂ ಒಳಗೇ ಇರುತ್ತವೆ. ಡಿಪ್ಲೊಮಾದ ಹುಡುಗಿಗೆ ಹೇಳಿ ಕಳಿಸಿದ್ದೂ ಇದನ್ನೇ, ಪ್ರಾಜೆಕ್ಟಿನಲ್ಲಿ ಬದಲಿಸಿಕೊಂಡಳಂತೆ.

ಪಾಠ ಯೋಜನೆಯಲ್ಲಿ ಮಾಡಿದ ಬದಲಾವಣೆ ಚಿಕ್ಕದು. ‘ಪೂರ್ವಜ್ಞಾನ’ದ ಕೆಳಗೆ ‘ಊಹಿಸಿಕೊಂಡದ್ದು’ ಎಂದು ಒಂದು ಸಾಲು ಸೇರಿಸಿ, ಅದನ್ನು ಬೋರ್ಡಿನ ಬಲ ಮೂಲೆಯಲ್ಲಿ ಪೀರಿಯಡ್ ಮುಗಿಯುವ ತನಕ ಅಳಿಸದೆ ಉಳಿಸುತ್ತೇನೆ. ಸಮಯ ಮಾತ್ರ ಸಾಲಲಿಲ್ಲ. ನಲವತ್ತು ನಿಮಿಷದಲ್ಲಿ ಎರಡು ಆಟ ಹಿಡಿಸುವುದಿಲ್ಲ. ಪೀಟರ್‌ಸನ್ ಒಂದು ದಿನ, ರಿಲೀಸ್ ಮತ್ತು ಅಕ್ವೈರ್ ಇನ್ನೊಂದು ದಿನ ಎಂದು ಒಡೆದರೆ ಒಳ್ಳೆಯದು. ಚೀಟಿಗಳಿಗೆ ಎರಡು ಬಣ್ಣದ ಕಾಗದ ಬಳಸಿ. ನಾನು ಒಂದೇ ಬಣ್ಣ ಬಳಸಿದ್ದರಿಂದ ನೆಲಕ್ಕೆ ಬಿದ್ದ ಚೀಟಿ ಯಾರದ್ದೆಂದು ಜಗಳವಾಯಿತು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ: ‘ಜವಾನರು ಯಾವ ಕ್ರಮದಲ್ಲಾದರೂ ಚೀಟಿ ಒಯ್ಯಬಹುದಾದರೆ, ಲೆಕ್ಕ ತಪ್ಪದಂತೆ ಮಾಡಲು ಕನಿಷ್ಠ ಯಾವ ನಿಯಮ ಸೇರಿಸುತ್ತೀರಿ?’ ಹತ್ತು ಮಂದಿಯಲ್ಲಿ ಏಳು ಮಂದಿ ಬೀಗದ ಚೀಟಿಗೆ ಗುರುತು ಹಾಕುವುದನ್ನು ಬರೆದರು. ಅವರಲ್ಲಿ ಮೂವರು ಮಾತ್ರ ಅಂಗೈ ಲೆಕ್ಕವನ್ನೂ ನೆನಪಿಟ್ಟುಕೊಂಡಿದ್ದರು. ಇಬ್ಬರು ಉತ್ತರ ಬರೆದಿರಲಿಲ್ಲ. ಸಮಾಜ ವಿಜ್ಞಾನದಿಂದ ಬಂದ ಸಹಪಾಠಿಯೊಬ್ಬರ ಉತ್ತರ ಮಾತ್ರ ಬೇರೆ: ‘ತರಗತಿಗೆ ಒಂದೇ ಸೀಮೆಸುಣ್ಣ ಇಡಿ. ಅದು ಯಾರ ಕೈಯಲ್ಲಿದೆಯೋ ಅವರು ಕೆಲಸ ಮುಗಿಸುವ ತನಕ ಉಳಿದವರು ಬೋರ್ಡಿನ ಹತ್ತಿರವೂ ಬರಬಾರದು.’ ಕನಿಷ್ಠ ನಿಯಮವಲ್ಲ ಎಂದು ಅರ್ಧ ಅಂಕ ಕಳೆಯಲು ಹೊರಟಿದ್ದೆ. ಹಳೆಯ ಇಂಟೆಲ್ ಪ್ರೊಸೆಸರುಗಳು ಅಟಾಮಿಕ್ ಆಜ್ಞೆಗಳಿಗೆ ಮಾಡುತ್ತಿದ್ದದ್ದು ಹೆಚ್ಚು ಕಡಿಮೆ ಅದನ್ನೇ: ಆ ಒಂದು ಕೆಲಸ ಮುಗಿಯುವ ತನಕ ಮೆಮೊರಿಗೆ ಹೋಗುವ ಇಡೀ ಬಸ್ಸನ್ನೇ ತಡೆಹಿಡಿಯುತ್ತಿದ್ದವು. ಈಗಿನವು ಸಾಮಾನ್ಯವಾಗಿ ಬೇಕಾದ ಜಾಗದ ಕ್ಯಾಶ್ ಸಾಲನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತವೆ. ಪೂರ್ತಿ ಅಂಕ ಕೊಟ್ಟೆ.